ಫ್ರಾನ್ಸಿನ ದೋರ್ದೋನ್‌ನಲ್ಲಿ ರಜೆಗೆ ಹಳ್ಳಿಮನೆ ಬಾಡಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಓದುಗರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮನೆಗೆ ಪೂರ್ತಿ ದುಡ್ಡು ಕಟ್ಟಿದೆವು, ವೀಸಾ ಬರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಮನೆ ಸೊಗಸಾಗಿತ್ತು, ಆದರೆ ಅಲ್ಲಿಗೆ ಬಸ್ಸೇ ಇಲ್ಲ. ಹೊತ್ತುಕೊಂಡು ಹೋದ ಕುಕ್ಕರ್ ಅಲ್ಲಿನ ಒಲೆಯ ಮೇಲೆ ಬಿಸಿಯಾಗಲೇ ಇಲ್ಲ. ಅಮ್ಮನಿಗೆ ಮಹಡಿ ಹತ್ತಲು ಆಗದೆ ಒಂದು ವಾರ ಸೋಫಾ ಮೇಲೆ ಮಲಗಿದರು.

ಇವೆಲ್ಲಕ್ಕೂ ಕಾರಣ ಒಂದೇ. ಎಲ್ಲರೂ ಮನೆಯ ಫೋಟೋದಿಂದ ಶುರು ಮಾಡುತ್ತಾರೆ. ಫೋಟೋ ಕೊನೆಗೆ ಬರಬೇಕು. ಮೊದಲು ತಿಂಗಳು, ಆಮೇಲೆ ಜಾಗ, ಆಮೇಲೆ ಕಾರು, ಅದಾದ ಮೇಲೆ ಮನೆ, ಹಣ ಕಟ್ಟುವ ಮೊದಲು ರದ್ದತಿ ನಿಯಮ. ಈ ಬರಹ ನೈಋತ್ಯ ಫ್ರಾನ್ಸಿನ ದೋರ್ದೋನ್ ಜಿಲ್ಲೆಯನ್ನೇ, ಅಂದರೆ ಹಳೆಯ ಪೆರಿಗೋರ್ ಪ್ರಾಂತ್ಯವನ್ನೇ, ಹಿಡಿದು ಹೇಳುತ್ತದೆ. ಕಾಗದಪತ್ರದ ಭಾಗ ಫ್ರಾನ್ಸಿನ ಬೇರೆ ಹಳ್ಳಿಗಾಡಿಗೂ ಹೊಂದುತ್ತದೆ.

ಹಂತ 1: ತಿಂಗಳು ನಿಶ್ಚಯ ಮಾಡಿ

ಜುಲೈ ಮತ್ತು ಆಗಸ್ಟ್ ಅಲ್ಲಿ ಜನಜಂಗುಳಿಯ ಕಾಲ. ಬಾಡಿಗೆ ವರ್ಷದಲ್ಲೇ ಜಾಸ್ತಿ. ಹೆಚ್ಚಿನ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ, ಪೂರ್ತಿ ವಾರದ ಲೆಕ್ಕದಲ್ಲೇ ಕೊಡುತ್ತಾರೆ. ನಾಲ್ಕು ದಿನಕ್ಕೆ ಕೊಡಿ ಅಂದರೆ ಯಾರೂ ಒಪ್ಪುವುದಿಲ್ಲ. ಈ ತಿಂಗಳುಗಳೇ ಬೇಕು ಅನ್ನುವವರು ಜನವರಿಯಲ್ಲೇ ಹುಡುಕಲು ಶುರು ಮಾಡಬೇಕು.

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇ. ಆಗ ಬಾಡಿಗೆ ಕಡಿಮೆ, ಹಳ್ಳಿಗಳಲ್ಲಿ ಗದ್ದಲವೂ ಇಲ್ಲ. ಆದರೆ ರಾತ್ರಿ ಚಳಿ ಇರುತ್ತದೆ, ಕಲ್ಲಿನ ಮನೆ ಬೇಗ ಬೆಚ್ಚಗಾಗುವುದಿಲ್ಲ. ಈಜುಕೊಳದ ಫೋಟೋ ನೋಡಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಬಿಸಿ ಮಾಡುವ ವ್ಯವಸ್ಥೆ ಇಲ್ಲದ ಕೊಳದಲ್ಲಿ ಏಪ್ರಿಲ್‌ನಲ್ಲಿ ಕಾಲಿಡಲೂ ಆಗದು. ಎಷ್ಟೋ ಕಡೆ ಅದನ್ನು ತೆರೆದೇ ಇರುವುದಿಲ್ಲ.

ದಸರಾ ರಜೆಯಲ್ಲಿ ಹೋಗುವವರಿಗೆ ಅಕ್ಟೋಬರ್ ಚೆನ್ನ. ವಾಲ್‌ನಟ್ ಕೊಯ್ಲಿನ ಸಮಯ, ಸಂತೆಯಲ್ಲಿ ಹೊಸ ಕಾಯಿ ಬಂದಿರುತ್ತದೆ. ಆದರೆ ನವೆಂಬರ್ ಒಂದರ ಕ್ರೈಸ್ತರ ಸರ್ವಸಂತರ ಹಬ್ಬ ಕಳೆದರೆ ಎಷ್ಟೋ ಹೋಟೆಲ್ಲು, ಕೋಟೆ, ಗುಹೆಗಳು ಬಾಗಿಲು ಹಾಕುತ್ತವೆ ಅಥವಾ ವೇಳೆ ಕಡಿಮೆ ಮಾಡುತ್ತವೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲರ್ಧಕ್ಕೆ ಸಮ ಯಾವುದೂ ಇಲ್ಲ. ಬಿಸಿಲು ಇನ್ನೂ ಇರುತ್ತದೆ, ಫ್ರೆಂಚ್ ಮಕ್ಕಳು ಶಾಲೆಗೆ ಮರಳಿರುತ್ತಾರೆ, ಬಾಡಿಗೆ ಇಳಿದಿರುತ್ತದೆ.

ಹಂತ 2: ಜಿಲ್ಲೆಯ ಯಾವ ಮೂಲೆ ಅಂತ ಗುರುತಿಸಿ

"ದೋರ್ದೋನ್‌ನಲ್ಲಿ ಮನೆ" ಅಂತ ಹುಡುಕಿದರೆ ಸಾಲದು. ಜಿಲ್ಲೆ ದೊಡ್ಡದು, ರಸ್ತೆಗಳು ಅಂಕುಡೊಂಕು. ಸ್ಥಳೀಯರು ಇದನ್ನು ನಾಲ್ಕು ಬಣ್ಣದ ಹೆಸರಿನಿಂದ ಗುರುತಿಸುತ್ತಾರೆ. ಉತ್ತರದಲ್ಲಿ ಬ್ರಾಂತೋಮ್ ಸುತ್ತ ಹಸಿರು ಪೆರಿಗೋರ್, ಮಧ್ಯದಲ್ಲಿ ಪೆರಿಗ್ಯೂ ಸುತ್ತ ಬಿಳಿ, ನೈಋತ್ಯದಲ್ಲಿ ಬೆರ್ಜರಾಕ್‌ನ ದ್ರಾಕ್ಷಿ ತೋಟಗಳ ಕಡೆ ನೇರಳೆ, ಆಗ್ನೇಯದಲ್ಲಿ ಸಾರ್ಲಾ ಸುತ್ತ ಕಪ್ಪು ಪೆರಿಗೋರ್.

ಮೊದಲ ಸಲ ಹೋಗುವವರು ಕಪ್ಪು ಪೆರಿಗೋರ್ ಬಿಟ್ಟು ದೂರ ಹೋಗಬೇಡಿ. ಜನ ನೋಡಲು ಹೋಗುವುದೆಲ್ಲ ಅಲ್ಲೇ ಇದೆ. ನದಿದಂಡೆಯ ಬೇನಾಕ್, ಲಾ ರೋಕ್ ಗಜಾಕ್, ಬೆಟ್ಟದ ಮೇಲಿನ ದೋಮ್, ಎಲ್ಲವೂ ಸಾರ್ಲಾದಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಸುಪಾಸು. ಇತಿಹಾಸಪೂರ್ವ ಗುಹೆಗಳಿರುವ ವೆಜೇರ್ ಕಣಿವೆ 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿನ ಲೆ ಜೇಜಿ ಊರು ಸಾರ್ಲಾಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಗುಹಾಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆಯ ಊರಾದ ಮೋಂತಿನ್ಯಾಕ್ ಇಪ್ಪತ್ತೈದರಷ್ಟು.

ಅಂದಹಾಗೆ, ಮೂಲ ಲಾಸ್ಕೋ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿದ್ದಾರೆ. ಈಗ ಜನ ನೋಡುವುದು 2016ರ ಕೊನೆಯಲ್ಲಿ ತೆರೆದ ಪೂರ್ಣಪ್ರಮಾಣದ ಪ್ರತಿಕೃತಿಯನ್ನು. ನಿಜವಾದ ಗುಹಾಚಿತ್ರ ನೋಡಲೇಬೇಕು ಅಂದರೆ ಲೆ ಜೇಜಿಯ ಫೋಂ ದ ಗೋಮ್ ಗುಹೆ ಇದೆ. ಅಲ್ಲಿ ದಿನಕ್ಕೆ ಬಿಡುವ ಜನರ ಸಂಖ್ಯೆ ತುಂಬಾ ಕಡಿಮೆ. ಟಿಕೆಟ್ ಸಿಗುವ ದಿನವನ್ನು ನೋಡಿಕೊಂಡೇ ವಾರದ ಯೋಜನೆ ಮಾಡಿ.

ಹಂತ 3: ಕಾರಿನ ಪ್ರಶ್ನೆ ಈಗಲೇ ಮುಗಿಸಿ

ಇದನ್ನು ಮನೆ ಬುಕ್ ಮಾಡಿದ ಮೇಲೆ ನೋಡೋಣ ಅಂತ ಬಿಡುವುದೇ ಅತಿ ದೊಡ್ಡ ತಪ್ಪು. ಆ ಕಡೆಯ ದೊಡ್ಡ ನಗರ ಬೋರ್ಡೋದಿಂದ ಸಾರ್ಲಾವರೆಗೆ ರೈಲಿದೆ, ಮೂರು ಗಂಟೆಯೊಳಗೆ ತಲುಪುತ್ತೀರಿ. ಆದರೆ ಸಾರ್ಲಾ ನಿಲ್ದಾಣದಿಂದ ಹಳ್ಳಿಮನೆಗೆ ಹೋಗಲು, ಹಾಲು ತರಲು, ಕೋಟೆ ನೋಡಲು ನಂಬುವಂಥ ಬಸ್ ಸೌಕರ್ಯ ಇಲ್ಲ. ಕಾರು ಓಡಿಸುವವರು ಯಾರೂ ಇಲ್ಲದಿದ್ದರೆ ಹಳ್ಳಿಮನೆ ಬಿಡಿ. ಸಾರ್ಲಾ ಊರೊಳಗೆ, ನಡೆದು ಹೋಗುವ ದೂರದಲ್ಲಿ ಮನೆ ಹಿಡಿಯಿರಿ. ನೋಡಬೇಕಾದ ಜಾಗಗಳಿಗೆ ಟ್ಯಾಕ್ಸಿ ಅಥವಾ ವ್ಯಾನ್ ಪ್ರವಾಸ ಮಾಡಿಕೊಳ್ಳಿ. ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಕಾರು ಓಡಿಸುವವರಿದ್ದರೆ ಇವನ್ನು ಗಮನಿಸಿ. ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಅದು ಒಂದು ವರ್ಷ ನಡೆಯುತ್ತದೆ. ಕಾರು ಬಾಡಿಗೆಗೆ ಓಡಿಸುವವರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕು. ಡೆಬಿಟ್ ಕಾರ್ಡ್ ತೋರಿಸಿ, ಅಣ್ಣನ ಕಾರ್ಡ್ ತೋರಿಸಿ ಕೌಂಟರ್‌ನಿಂದ ಬರಿಗೈಯಲ್ಲಿ ಬಂದವರು ಎಷ್ಟೋ ಜನ. ಗೇರಿಲ್ಲದ ಕಾರು ಬೇಕಿದ್ದರೆ ತುಂಬಾ ಮೊದಲೇ ಕಾದಿರಿಸಿ. ಫ್ರಾನ್ಸಿನಲ್ಲಿ ಗೇರಿನ ಕಾರುಗಳೇ ಸಾಮಾನ್ಯ. ಬೆರ್ಜರಾಕ್, ಬ್ರೀವ್‌ನಂಥ ಚಿಕ್ಕ ಊರಿನ ಕಚೇರಿಗಳಲ್ಲಿ ಆಟೊಮ್ಯಾಟಿಕ್ ಸಿಗುವುದೇ ಕಷ್ಟ. ಈ ಚಿಕ್ಕ ಕಚೇರಿಗಳು ಮಧ್ಯಾಹ್ನ ಊಟಕ್ಕೆ ಮುಚ್ಚುತ್ತವೆ. ಭಾನುವಾರ ತೆರೆದಿರುತ್ತವೆ ಅಂತ ನಂಬಿ ಹೋಗಬೇಡಿ.

ಬೆಂಗಳೂರಿನಿಂದ ಪ್ಯಾರಿಸ್‌ಗೆ ಇಳಿದು, ಅಲ್ಲಿಂದ ಸುಮಾರು ಎರಡು ಗಂಟೆಯ ಟಿಜಿವಿ ಅನ್ನುವ ಅತಿವೇಗದ ರೈಲಿನಲ್ಲಿ ಬೋರ್ಡೋಗೆ ಹೋಗಿ, ಅಲ್ಲಿ ಕಾರು ತೆಗೆದುಕೊಳ್ಳುವುದು ಸುಲಭದ ದಾರಿ. ಬೋರ್ಡೋದಿಂದ ಸಾರ್ಲಾ ಕಡೆಗೆ ಎರಡೂವರೆ ಗಂಟೆ. ವಿಮಾನ ಇಳಿದ ದಿನವೇ ಎಡಗಡೆ ಸ್ಟೀರಿಂಗ್ ಇರುವ ಕಾರನ್ನು ರಸ್ತೆಯ ಬಲಗಡೆ ಓಡಿಸಬೇಡಿ. ಒಂದು ರಾತ್ರಿ ಬೋರ್ಡೋದಲ್ಲಿ ಮಲಗಿ ಎದ್ದು ಹೊರಡಿ. ಜರ್ಮನಿ, ನೆದರ್ಲೆಂಡ್ಸ್ ಕಡೆ ಇರುವ ನಮ್ಮವರು ಸ್ವಂತ ಕಾರಿನಲ್ಲಿ ಬಂದು ಊರಿನಿಂದ ಬಂದ ಅಪ್ಪ ಅಮ್ಮನನ್ನು ಸೇರಿಸಿಕೊಳ್ಳುವುದೂ ಉಂಟು. ಹಾಗಾದರೆ ಈ ಹಂತದ ಅರ್ಧ ತಲೆನೋವು ಇಲ್ಲ.

ಹಂತ 4: ಜಾಹೀರಾತನ್ನು ಬಿಡಿಸಿ ಓದಿ

ಈಗ ಮನೆ ಹುಡುಕಿ. ಹಳ್ಳಿಗಾಡಿನ ರಜೆಮನೆಯನ್ನು ಅಲ್ಲಿ ಜೀಟ್ ಅನ್ನುತ್ತಾರೆ. ಎರಡು ಬಗೆಯ ದರ್ಜೆ ಕಾಣುತ್ತೀರಿ. ಒಂದು ಸರ್ಕಾರಿ ನಿಯಮದ ನಕ್ಷತ್ರಗಳು, 1ರಿಂದ 5. ಇದು ಐದು ವರ್ಷಕ್ಕೆ ಮಾತ್ರ ಮಾನ್ಯ. ಇನ್ನೊಂದು ಜೀಟ್ ದ ಫ್ರಾನ್ಸ್ ಸಂಸ್ಥೆಯ ಗೋಧಿ ತೆನೆಯ ಗುರುತು, ಅದೂ 1ರಿಂದ 5. ಎರಡೂ ಮುಖ್ಯವಾಗಿ ಸೌಕರ್ಯಕ್ಕೆ ಕೊಟ್ಟ ಅಂಕ. ಮಾಲೀಕರ ಒಳ್ಳೆಯತನಕ್ಕೆ ಅಲ್ಲ. ದರ್ಜೆಯೇ ಇಲ್ಲದ ಒಳ್ಳೆಯ ಮನೆಗಳೂ ಇವೆ.

ಫೋಟೋದಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅಂತ ನೋಡಿ. ಬಚ್ಚಲಿನ ಫೋಟೋ ಇಲ್ಲವೇ? ಮೆಟ್ಟಿಲಿನದು ಇಲ್ಲವೇ? ಮನೆ ಹೊರಗಿನಿಂದ ಒಂದೇ ಕೋನದಲ್ಲಿ ಇದೆಯೇ? ಆ ಕಡೆ ರಸ್ತೆಯೋ ಪಕ್ಕದ ಮನೆಯೋ ಅಂಟಿಕೊಂಡಿರಬಹುದು. ಪೆರಿಗೋರ್‌ನ ಹಳೆ ಮನೆಗಳ ಮರದ ಮೆಟ್ಟಿಲು ಕಡಿದಾಗಿ, ಕಿರಿದಾಗಿ ಇರುತ್ತದೆ. ಹಲವು ಕಡೆ ಮಲಗುವ ಕೋಣೆಗಳೆಲ್ಲ ಮೇಲೆ, ಶೌಚಾಲಯ ಕೆಳಗೆ. ಕಲ್ಲಿನ ದಪ್ಪ ಗೋಡೆಯಿಂದ ಕೆಳಗಡೆ ತಂಪು. ಆದರೆ ಹೆಂಚಿನ ಕೆಳಗಿನ ಕೋಣೆ ಜುಲೈ-ಆಗಸ್ಟ್‌ನಲ್ಲಿ ಕಾದುಬಿಡುತ್ತದೆ. ಹಳ್ಳಿಮನೆಗಳಲ್ಲಿ ಎಸಿ ಅಪರೂಪ.

ಬಾಡಿಗೆ ಜೊತೆ ಸೇರುವ ಬಾಬತ್ತುಗಳನ್ನು ಕೂಡಿಸಿ ನೋಡಿ. ಕೊನೆಯ ದಿನದ ಶುಚಿಗೊಳಿಸುವ ಶುಲ್ಕ, ಹಾಸಿಗೆ ಹೊದಿಕೆ ಮತ್ತು ಟವೆಲ್ ಬಾಡಿಗೆ, ಚಳಿಗಾಲದಲ್ಲಿ ಹೀಟರ್ ಖರ್ಚು, ಪ್ರವಾಸಿ ತೆರಿಗೆ. ಈ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಅಂತ ಇರುತ್ತದೆ. 18 ತುಂಬದ ಮಕ್ಕಳಿಗೆ ಇಲ್ಲ. ಇಷ್ಟೆಲ್ಲ ಸೇರಿಸಿದ ಮೇಲೆ ಅಗ್ಗ ಅಂದುಕೊಂಡ ಮನೆ ಪಕ್ಕದ ಮನೆಗಿಂತ ದುಬಾರಿ ಆಗಿರುವುದು ಉಂಟು.

ಹಂತ 5: ಮಾಲೀಕರಿಗೆ ಲಿಖಿತವಾಗಿ ಕೇಳಿ

ಎರಡೋ ಮೂರೋ ಮನೆ ಉಳಿದಾಗ ಬರೆಯಿರಿ. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಬರೆದು, ಕೆಳಗೆ ಮೊಬೈಲ್‌ನಲ್ಲಿ ಮಾಡಿದ ಫ್ರೆಂಚ್ ಅನುವಾದವನ್ನೂ ಹಾಕಿ. ಫೋನಿನಲ್ಲಿ ಕೇಳಬೇಡಿ. ಉತ್ತರ ನಿಮ್ಮ ಕೈಯಲ್ಲಿ ಬರಹವಾಗಿ ಉಳಿಯಬೇಕು. ಕೇಳಬೇಕಾದದ್ದು ಇಷ್ಟು:

1. ನೆಲಮಹಡಿಯಲ್ಲೇ ಮಲಗುವ ಕೋಣೆ, ಬಚ್ಚಲು, ಶೌಚಾಲಯ ಮೂರೂ ಇವೆಯೇ?
2. ಒಲೆ ಯಾವುದು? ಇಂಡಕ್ಷನ್, ಗಾಜಿನ ತಟ್ಟೆಯ ವಿದ್ಯುತ್ ಒಲೆ, ಅಥವಾ ಗ್ಯಾಸ್?
3. ಬಿಸಿನೀರಿನ ಟ್ಯಾಂಕ್ ಎಷ್ಟು ಲೀಟರ್?
4. ಹೊದಿಕೆ, ಟವೆಲ್, ಶುಚಿತ್ವ ಬಾಡಿಗೆಯಲ್ಲಿ ಸೇರಿವೆಯೇ? ವಿದ್ಯುತ್ತಿಗೆ ಮಿತಿ ಇದೆಯೇ?
5. ಡೆಪಾಸಿಟ್ ಎಷ್ಟು, ಯಾವ ರೂಪದಲ್ಲಿ, ಯಾವಾಗ ವಾಪಸ್?
6. ವೀಸಾ ಸಿಗದಿದ್ದರೆ ಕಟ್ಟಿದ ಹಣ ಏನಾಗುತ್ತದೆ?
7. ಮನೆಯ ನಿಖರ ನಕ್ಷೆ ಗುರುತು ಯಾವುದು?

ಕೊನೆಯದು ಯಾಕೆ ಅಂದರೆ, ಹಳ್ಳಿಗಳಲ್ಲಿ ವಿಳಾಸ ಎಂದರೆ ಒಂದು ಕೇರಿಯ ಹೆಸರು ಮಾತ್ರ ಇರಬಹುದು. ಒಂದೇ ಪಿನ್‌ಕೋಡಿನಲ್ಲಿ ಹತ್ತಾರು ಹಳ್ಳಿ. ಗುರುತು ಸಿಕ್ಕ ಮೇಲೆ ಉಪಗ್ರಹ ಚಿತ್ರದಲ್ಲಿ ಮನೆ ನೋಡಿ. ಪಕ್ಕದಲ್ಲಿ ದೊಡ್ಡ ರಸ್ತೆ, ರೈಲು ಹಳಿ, ಕ್ಯಾಂಪಿಂಗ್ ಮೈದಾನ ಇದೆಯೇ ಅಂತ ಅಲ್ಲೇ ಗೊತ್ತಾಗುತ್ತದೆ.

ಬಿಸಿನೀರಿನ ಪ್ರಶ್ನೆ ಸಣ್ಣದು ಅನ್ನಿಸಬಹುದು. ಅಲ್ಲಿ ಎಷ್ಟೋ ಮನೆಗಳಲ್ಲಿ ಟ್ಯಾಂಕ್ ರಾತ್ರಿ ಹೊತ್ತು, ವಿದ್ಯುತ್ ದರ ಕಡಿಮೆ ಇರುವಾಗ ಮಾತ್ರ ಕಾಯುತ್ತದೆ. ಬೆಳಿಗ್ಗೆ ಆರು ಜನ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಕೊನೆಯವರಿಗೆ ತಣ್ಣೀರು. ಸಂಜೆಯೂ ಕಾಯಿಸಬಹುದೇ ಅಂತ ಕೇಳಿಟ್ಟುಕೊಳ್ಳಿ. ಸ್ವಿಚ್ ಎಲ್ಲಿದೆ ಅಂತ ತೋರಿಸುತ್ತಾರೆ.

ಮಕ್ಕಳಿದ್ದು ಮನೆಗೆ ಈಜುಕೊಳ ಇದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ. 2003ರ ಕಾನೂನಿನ ಪ್ರಕಾರ ನೆಲದಲ್ಲಿ ತೋಡಿದ ಖಾಸಗಿ ಕೊಳಕ್ಕೆ ಬೇಲಿ, ಅಲಾರಂ, ಭದ್ರವಾದ ಮುಚ್ಚಳ, ಮೇಲ್ಛಾವಣಿ, ಈ ನಾಲ್ಕರಲ್ಲಿ ಒಂದಾದರೂ ಇರಲೇಬೇಕು. ಯಾವುದು ಇದೆ ಅಂತ ಕೇಳಿ. ಬರೀ ಅಲಾರಂ ಇರುವ ಮನೆಯನ್ನು ಪುಟ್ಟ ಮಕ್ಕಳಿರುವವರು ತೆಗೆದುಕೊಳ್ಳಬೇಡಿ. ಮಗು ನೀರಿಗೆ ಬಿದ್ದ ಮೇಲೆ ಕೂಗುವ ಯಂತ್ರ ಅದು. ಬೀಗ ಬೀಳುವ ಬೇಲಿಯೇ ಬೇಕು.

ಇಷ್ಟಕ್ಕೆ ಉತ್ತರ ಕೊಡಲು ಬೇಸರಪಡುವ ಮಾಲೀಕರು ಕೊಳಾಯಿ ಕೆಟ್ಟಾಗಲೂ ಬರುವುದಿಲ್ಲ. ಅವರನ್ನು ಬಿಟ್ಟುಬಿಡಿ.

ಹಂತ 6: ಮೋಸ ಅಲ್ಲ ಅಂತ ಖಚಿತಪಡಿಸಿಕೊಳ್ಳಿ

ಮೋಸದ ಗುರುತುಗಳು ಹೆಚ್ಚು ಬದಲಾಗುವುದಿಲ್ಲ. ಆಗಸ್ಟ್ ತಿಂಗಳಿಗೆ ಕೊಳ ಇರುವ ದೊಡ್ಡ ಮನೆ ಅರ್ಧ ಬೆಲೆಗೆ. "ಇವತ್ತೇ ಕಟ್ಟಿ, ಇನ್ನೊಬ್ಬರು ಕಾಯುತ್ತಿದ್ದಾರೆ" ಅನ್ನುವ ಅವಸರ. ಬುಕಿಂಗ್ ತಾಣದಿಂದ ಹೊರಗೆ ಬಂದು ನೇರ ಹಣ ಕಳಿಸಿ ಅನ್ನುವ ಮಾತು. ಫ್ರಾನ್ಸಿನ ಮನೆ, ಆದರೆ ಹಣ ಹೋಗಬೇಕಾದ ಖಾತೆ ಬೇರೆ ದೇಶದ್ದು. ಫ್ರೆಂಚ್ ಬ್ಯಾಂಕಿನ ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಎಫ್ ಆರ್ ಅಕ್ಷರಗಳಿಂದ ಶುರುವಾಗಿ ಒಟ್ಟು 27 ಅಕ್ಷರ-ಅಂಕಿ ಇರುತ್ತದೆ. ಬೇರೆ ದೇಶದಲ್ಲಿ ವಾಸವಿರುವ ಮಾಲೀಕರೂ ಇದ್ದಾರೆ, ಹಾಗಾಗಿ ಇದೊಂದೇ ಸಾಕ್ಷಿ ಅಲ್ಲ. ಆದರೆ ಕಾರಣ ಕೇಳಿ, ಉತ್ತರ ಸರಿ ಅನ್ನಿಸುವವರೆಗೆ ಹಣ ಕಳಿಸಬೇಡಿ.

ಫೋಟೋಗಳನ್ನು ಚಿತ್ರ-ಹುಡುಕಾಟಕ್ಕೆ ಹಾಕಿ ನೋಡಿ. ಅದೇ ಮನೆ ಬೇರೆ ಹೆಸರಲ್ಲಿ, ಬೇರೆ ಊರಲ್ಲಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಅನುಮಾನ ಇದ್ದರೆ ಆ ಊರಿನ ಮೇರಿಗೆ, ಅಂದರೆ ನಮ್ಮ ಪಂಚಾಯ್ತಿ ಕಚೇರಿಯಂಥ ಪುರಭವನಕ್ಕೆ, ಒಂದು ಇಮೇಲ್ ಹಾಕಿ. ಪ್ರವಾಸಿಗರಿಗೆ ಮನೆ ಕೊಡುವವರು ಅದರ ಘೋಷಣೆ ಸಲ್ಲಿಸಬೇಕು ಅಂತ ನಿಯಮವಿದೆ. ಇಂಥ ಕೇರಿಯಲ್ಲಿ ಇಂಥ ಬಾಡಿಗೆ ಮನೆ ಇದೆಯೇ ಅಂತಷ್ಟೇ ಕೇಳಿ. ಚಿಕ್ಕ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು.

ಹಂತ 7: ಕರಾರು ಓದಿ, ಆಮೇಲೆ ಮುಂಗಡ

ಫ್ರೆಂಚ್ ಕಾನೂನಿನಲ್ಲಿ ರಜೆಮನೆಗೆ ಲಿಖಿತ ಕರಾರು ಬೇಕು. ಅದರ ಜೊತೆ ಮನೆಯ ವಿವರಪಟ್ಟಿಯೂ ಇರಬೇಕು. ಅದಿಲ್ಲದೆ ಹಣ ಕಳಿಸಬೇಡಿ. ಕರಾರಿನಲ್ಲಿ ಮಾಲೀಕರ ಹೆಸರು, ವಿಳಾಸ, ಮನೆಯ ವಿಳಾಸ, ತಾರೀಖು, ಒಟ್ಟು ಬೆಲೆ, ಎಷ್ಟು ಜನ ಅನ್ನುವುದು ಸ್ಪಷ್ಟ ಇರಲಿ. ಜನರ ಲೆಕ್ಕಕ್ಕೆ ಕೈಗೂಸೂ ಸೇರಬಹುದು. "ನಾವು ಏಳು ಜನ, ಜೊತೆಗೆ ಚಿಕ್ಕ ಮಗು" ಅಂತ ಆರು ಜನರ ಮನೆಗೆ ಹೋದರೆ ಬಾಗಿಲಲ್ಲೇ ತಡೆಯುವ ಹಕ್ಕು ಅವರಿಗಿದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮುಂಗಡ ಎರಡು ತರಹ. ಫ್ರೆಂಚ್‌ನಲ್ಲಿ ಒಂದಕ್ಕೆ "ಆರ್" ಅನ್ನುತ್ತಾರೆ. ಕರಾರಿನಲ್ಲಿ ಎ, ಆರ್, ಆರ್, ಎಚ್, ಇ, ಎಸ್ ಅಂತ ಆರು ಅಕ್ಷರ ಇರುತ್ತದೆ. ಇದನ್ನು ಕೊಟ್ಟಿದ್ದರೆ ನೀವು ರದ್ದು ಮಾಡಿದಾಗ ಆ ಮೊತ್ತ ಮಾತ್ರ ಹೋಗುತ್ತದೆ, ಉಳಿದ ಬಾಡಿಗೆ ಕೇಳುವಂತಿಲ್ಲ. ಮಾಲೀಕರೇ ರದ್ದು ಮಾಡಿದರೆ ಎರಡು ಪಟ್ಟು ಹಿಂದಿರುಗಿಸಬೇಕು. ಇನ್ನೊಂದು "ಅಕೋಂತ್", ಎ, ಸಿ, ಒ, ಎಂ, ಪಿ, ಟಿ, ಇ. ಇದನ್ನು ಕೊಟ್ಟರೆ ಎರಡೂ ಕಡೆ ಪೂರ್ತಿ ಬದ್ಧ. ನೀವು ಹೋಗದಿದ್ದರೂ ಇಡೀ ಬಾಡಿಗೆ ಕೇಳಬಹುದು. ವೀಸಾ ಇನ್ನೂ ಕೈಗೆ ಬಂದಿಲ್ಲದವರು ಮೊದಲ ತರಹದ ಮುಂಗಡವನ್ನೇ ಕೇಳಿ. ಅಥವಾ ಇಂತಿಷ್ಟು ದಿನದವರೆಗೆ ಪೂರ್ತಿ ವಾಪಸ್ ಅನ್ನುವ ಷರತ್ತನ್ನು ಬರೆಸಿಕೊಳ್ಳಿ.

ಆನ್‌ಲೈನ್‌ನಲ್ಲಿ ಕೊಂಡದ್ದಕ್ಕೆಲ್ಲ ಯೂರೋಪಿನಲ್ಲಿ 14 ದಿನ ಮನಸ್ಸು ಬದಲಿಸುವ ಅವಕಾಶ ಇದೆ ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ನಿಗದಿತ ತಾರೀಖಿನ ವಸತಿಗೆ ಆ ಅವಕಾಶ ಇಲ್ಲ. ಏಜೆನ್ಸಿ ಮೂಲಕ ಹೋದರೆ ಅವರು ಆರು ತಿಂಗಳಿಗಿಂತ ಮೊದಲು ಹಣ ಕೇಳುವಂತಿಲ್ಲ, ಮುಂಗಡ ಬಾಡಿಗೆಯ ಕಾಲುಭಾಗಕ್ಕಿಂತ ಹೆಚ್ಚಿರುವಂತಿಲ್ಲ. ನೇರ ಮಾಲೀಕರಿಗೆ ಈ ಮಿತಿ ಇಲ್ಲ. ಆದರೂ ಅದೇ ಕಾಲುಭಾಗವನ್ನು ಅಳತೆಗೋಲು ಮಾಡಿಕೊಳ್ಳಿ.

ಡೆಪಾಸಿಟ್ ಬಗ್ಗೆ ಎರಡು ಮಾತು. ಫ್ರೆಂಚರು ಇದಕ್ಕೆ ಚೆಕ್ ಕೊಡುವುದು ರೂಢಿ, ಅದನ್ನು ನಗದು ಮಾಡದೆ ಇಟ್ಟುಕೊಂಡು ಕೊನೆಗೆ ಹರಿದು ಹಾಕುತ್ತಾರೆ. ನಮ್ಮ ಹತ್ತಿರ ಫ್ರೆಂಚ್ ಚೆಕ್ ಇಲ್ಲ. ಕಾರ್ಡ್ ಮೇಲೆ ತಡೆಹಿಡಿಯುತ್ತಾರೋ, ನಗದು ಬೇಕೋ ಅಂತ ಮೊದಲೇ ತೀರ್ಮಾನ ಆಗಲಿ. ನಗದಾದರೆ ರಸೀದಿ ಕೇಳಿ.

ಕರಾರಿನಲ್ಲಿ ವಿಮೆಯ ಸಾಲು ಇದೆಯೇ ನೋಡಿ. ಬೆಂಕಿ, ನೀರು ಸೋರಿಕೆಯಿಂದ ಮನೆಗೆ ಆಗುವ ಹಾನಿಗೆ ಬಾಡಿಗೆದಾರರ ವಿಮೆ ಇರಬೇಕು ಅಂತ ಹಲವರು ಬರೆದಿರುತ್ತಾರೆ. ಅಲ್ಲಿನವರಿಗೆ ಅದು ಸ್ವಂತ ಮನೆಯ ವಿಮೆಯಲ್ಲೇ ಬರುತ್ತದೆ, ನಮಗೆ ಬರುವುದಿಲ್ಲ. ಮಾಲೀಕರ ವಿಮೆಯಲ್ಲೇ ಒಳಗೊಂಡಿದೆಯೇ, ಇಲ್ಲದಿದ್ದರೆ ಆ ವಾರಕ್ಕೆ ಮಾತ್ರ ಎಲ್ಲಿ ಸಿಗುತ್ತದೆ ಅಂತ ಅವರನ್ನೇ ಕೇಳಿ.

ಹಂತ 8: ವೀಸಾ

ಫ್ರಾನ್ಸಿಗೆ ಬೇಕಾದ, ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ, ತಡ ಅಂದರೆ 15 ದಿನ ಮೊದಲಿನವರೆಗೆ ಕೊಡಬಹುದು. ಆ ಕೊನೆಯ ಗಡುವನ್ನು ನಂಬಿ ಕೂರಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಆಗುತ್ತದೆ. ಬೇಸಿಗೆಗೆ ಹೋಗುವವರು ಫೆಬ್ರವರಿ-ಮಾರ್ಚ್‌ನಲ್ಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಸಮಯ ತೆಗೆದುಕೊಳ್ಳಿ. 2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು.

ವಸತಿಯ ದಾಖಲೆಯಾಗಿ ಸಹಿಯಾದ ಕರಾರು, ಮುಂಗಡ ಕಟ್ಟಿದ ರಸೀದಿ ಎರಡನ್ನೂ ಕೊಡಿ. ಕರಾರಿನಲ್ಲಿ ಎಲ್ಲರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ಇನಿಷಿಯಲ್ ಬಿಡಿಸಿದ ಹೆಸರು ಒಂದು ಕಡೆ, ಬಿಡಿಸದ ಹೆಸರು ಇನ್ನೊಂದು ಕಡೆ ಇದ್ದು ಪ್ರಶ್ನೆ ಎದ್ದದ್ದಿದೆ. ಕೆಲವರು ಪುರಭವನದಿಂದ ಆತಿಥ್ಯ ಪತ್ರ ತರಿಸಲು ಮಾಲೀಕರನ್ನು ಪೀಡಿಸುತ್ತಾರೆ. ಅದು ನೆಂಟರ ಮನೆಯಲ್ಲಿ ಬಾಡಿಗೆ ಇಲ್ಲದೆ ಉಳಿಯುವವರಿಗೆ. ಬಾಡಿಗೆ ಮನೆಗೆ ಬೇಕಿಲ್ಲ. ಪ್ಯಾರಿಸ್, ಬೋರ್ಡೋದ ರಾತ್ರಿಗಳಿಗೂ ಹೋಟೆಲ್ ದಾಖಲೆ ಇರಲಿ. ನಡುವೆ ಒಂದು ರಾತ್ರಿ ಖಾಲಿ ಬಿಟ್ಟರೆ ಅದೇ ತೊಡಕು.

ರದ್ದತಿ ವಿಮೆ ಕೊಳ್ಳುವುದಾದರೆ ವೀಸಾ ನಿರಾಕರಣೆ ಅದರಲ್ಲಿ ಸೇರಿದೆಯೇ ಅಂತ ಓದಿ. ಬಹಳಷ್ಟರಲ್ಲಿ ಇರುವುದಿಲ್ಲ. ಬಾಕಿ ಬಾಡಿಗೆ ಕಟ್ಟುವ ದಿನ ವೀಸಾ ಬರುವ ದಿನಕ್ಕಿಂತ ಹಿಂದೆ ಬಿದ್ದಿದ್ದರೆ ಕರಾರಿಗೆ ಸಹಿ ಹಾಕುವ ಮೊದಲೇ ಅದನ್ನು ಮುಂದೂಡಿಸಿ.

ಹಂತ 9: ಅಡುಗೆಯ ತಯಾರಿ

ಪೆರಿಗೋರ್‌ನ ಅಡುಗೆ ಅಂದರೆ ಬಾತು, ಹೆಬ್ಬಾತು, ಅವುಗಳದೇ ಕೊಬ್ಬು. ಆಲೂಗಡ್ಡೆಯನ್ನೂ ಬಾತಿನ ಕೊಬ್ಬಿನಲ್ಲಿ ಹುರಿಯುತ್ತಾರೆ. ಹಾಗಾಗಿ ಸಸ್ಯಾಹಾರಿಗಳು ತರಕಾರಿ ಪದಾರ್ಥಕ್ಕೂ ಯಾವ ಎಣ್ಣೆ ಅಂತ ಕೇಳಬೇಕು. ಹಳ್ಳಿ ಹೋಟೆಲ್ಲನ್ನೇ ನೆಚ್ಚಿಕೊಂಡರೆ ಕಷ್ಟ. ಮನೆಯ ಅಡುಗೆಕೋಣೆಯೇ ನಿಮ್ಮ ಆಸರೆ.

ಮೊದಲು ಕುಕ್ಕರ್. ಒಲೆ ಇಂಡಕ್ಷನ್ ಅಂತ ಮಾಲೀಕರು ಹೇಳಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಒಯ್ಯಬೇಡಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ಕುಕ್ಕರಿನ ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಕೆಲಸ ಮಾಡುತ್ತದೆ. ಜಾರಿ ಬಿದ್ದರೆ ಅದು ಅಲ್ಲಿ ಬಿಸಿಯೇ ಆಗುವುದಿಲ್ಲ. ಬಾಣಲೆ, ಒಗ್ಗರಣೆ ಸೌಟಿಗೂ ಇದೇ ಪರೀಕ್ಷೆ. ಸೌಟಿನ ಪುಟ್ಟ ತಳವನ್ನು ಕೆಲವು ಇಂಡಕ್ಷನ್ ಒಲೆಗಳು ಗುರುತಿಸುವುದೇ ಇಲ್ಲ, ಚಿಕ್ಕ ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ. ಮಿಕ್ಸಿಗೆ ತೊಂದರೆ ಇಲ್ಲ, ಅಲ್ಲೂ 230 ವೋಲ್ಟ್. ಆದರೆ ನಮ್ಮ ಪ್ಲಗ್ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ. ಅರ್ಥಿಂಗ್ ಇರುವ ಅಡಾಪ್ಟರ್ ಒಯ್ಯಿರಿ.

ತುಪ್ಪ, ಪೇಡ, ಹಾಲಿನ ಸಿಹಿ, ಮಾಂಸದ ಯಾವುದೇ ಪದಾರ್ಥವನ್ನು ಭಾರತದಿಂದ ಯೂರೋಪ್ ಒಕ್ಕೂಟದೊಳಗೆ ಪ್ರಯಾಣಿಕರು ತರುವಂತಿಲ್ಲ. ಹಸಿ ಕರಿಬೇವನ್ನೂ ಮನೆಯಲ್ಲೇ ಬಿಡಿ. ಸಾರಿನ ಪುಡಿ, ಚಟ್ನಿಪುಡಿ, ತೊಗರಿಬೇಳೆ, ಹುಣಸೆಹಣ್ಣು ಒಯ್ಯಿರಿ. ಬಾಸ್ಮತಿ ಅಕ್ಕಿ, ಮಸೂರ್ ಬೇಳೆ, ಕಡಲೆಕಾಳು, ಸಪ್ಪೆ ಮೊಸರು, ಬೆಣ್ಣೆ ಸಾರ್ಲಾದ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತವೆ. ಬೆಣ್ಣೆ ಸಿಕ್ಕರೆ ತುಪ್ಪ ಕಾಯಿಸುವುದು ಎಷ್ಟು ಹೊತ್ತು, ಅಲ್ವಾ?

ಬಚ್ಚಲಿನಲ್ಲಿ ನೀರಿನ ಪಿಚಕಾರಿ ಇರುವುದಿಲ್ಲ. ಒಂದು ಚೊಂಬು ಜೊತೆಗಿರಲಿ.

ಹಂತ 10: ಮೊದಲ ದಿನ

ಬೇಸಿಗೆಯ ಶನಿವಾರ ಫ್ರಾನ್ಸಿನ ಅರ್ಧ ಜನ ರಸ್ತೆಯಲ್ಲಿರುತ್ತಾರೆ ಅನ್ನಿಸುತ್ತದೆ. ಬಿಸೋಂ ಫುಟೇ ಅನ್ನುವ ಸರ್ಕಾರಿ ಸೇವೆ ಯಾವ ದಿನ ಎಷ್ಟು ದಟ್ಟಣೆ ಅಂತ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣದಲ್ಲಿ ಮೊದಲೇ ತಿಳಿಸುತ್ತದೆ. ಕಪ್ಪು ದಿನವಾದರೆ ಬೆಳಿಗ್ಗೆ ಬೇಗ ಹೊರಡಿ. ಹಳ್ಳಿ ರಸ್ತೆಯಲ್ಲಿ ಬೇರೆ ಫಲಕ ಇಲ್ಲದಿದ್ದರೆ 80 ಕಿಲೋಮೀಟರ್ ಮಿತಿ, ಊರೊಳಗೆ 50. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಸಂದಿಯಿಂದ ಟ್ರ್ಯಾಕ್ಟರ್ ಬಂದರೂ ನೀವೇ ನಿಲ್ಲಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅವರ ಗಾತ್ರಕ್ಕೆ ಹೊಂದುವ ಸೀಟು ಕಡ್ಡಾಯ.

ಕೀಲಿ ಸಾಮಾನ್ಯವಾಗಿ ಸಂಜೆ ನಾಲ್ಕರ ಮೇಲೆ. ತಡವಾದರೆ ಮಾಲೀಕರಿಗೆ ಸಂದೇಶ ಕಳಿಸಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮನೆಗೆ ಹೋಗುವ ಮೊದಲೇ ಎರಡು ದಿನದ ಸಾಮಾನು ಕೊಂಡುಬಿಡಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳು ಮುಚ್ಚುತ್ತವೆ.

ಸೂಟ್‌ಕೇಸ್ ಬಿಚ್ಚುವ ಮೊದಲು ಮನೆಯ ಪರಿಶೀಲನಾ ಪಟ್ಟಿಯನ್ನು, ಅಂದರೆ ಮನೆಯ ಸ್ಥಿತಿ, ಸಾಮಾನು ಬರೆದ ಪಟ್ಟಿಯನ್ನು, ಕೈಗೆ ತೆಗೆದುಕೊಳ್ಳಿ. ಬಾಗಿಲಿನಿಂದ ಶುರು ಮಾಡಿ ಪ್ರತಿ ಕೋಣೆಯ ವಿಡಿಯೋ ಮಾಡಿ. ಒಲೆಯ ಗಾಜಿನ ಗೀರು, ಹಾಸಿಗೆಯ ಕಲೆ, ಒಡೆದ ಹೆಂಚು, ಅಲುಗಾಡುವ ನಲ್ಲಿ, ವಿದ್ಯುತ್ ಮೀಟರಿನ ಅಂಕಿ, ಎಲ್ಲವೂ ಹತ್ತಿರದಿಂದ ಕಾಣಲಿ. ಪಟ್ಟಿಯಲ್ಲಿ ಹನ್ನೆರಡು ಲೋಟ ಅಂತಿದ್ದು ಹತ್ತೇ ಇದ್ದರೆ ಅದನ್ನೂ ಬರೆಯಿರಿ. ಕಂಡ ದೋಷಗಳನ್ನು ಅದೇ ರಾತ್ರಿ ಮಾಲೀಕರಿಗೆ ಫೋಟೋ ಸಮೇತ ಕಳಿಸಿ. ಮೂರು ದಿನ ಬಿಟ್ಟು ಹೇಳಿದರೆ ಅದು ನಿಮ್ಮಿಂದಲೇ ಆಯಿತು ಅಂತ ಆಗುತ್ತದೆ.

ಹಂತ 11: ಇರುವ ದಿನಗಳಲ್ಲಿ

ಎಷ್ಟೋ ಹಳ್ಳಿಮನೆಗಳಿಗೆ ಒಳಚರಂಡಿ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಬಾಟಲಿಗೆ ತುಂಬಿಡಿ. ಒದ್ದೆ ವೈಪ್ಸ್, ಪ್ಯಾಡ್ ಯಾವುದನ್ನೂ ಶೌಚಕ್ಕೆ ಹಾಕಬೇಡಿ. ಕಟ್ಟಿಕೊಂಡರೆ ಅದರ ಖರ್ಚು ಡೆಪಾಸಿಟ್‌ನಿಂದಲೇ ಹೋಗುತ್ತದೆ. ನೀರು ನಿಧಾನ ಇಳಿಯುವುದು, ಗುಳುಗುಳು ಸದ್ದು, ಅಂಗಳದಲ್ಲಿ ವಾಸನೆ, ಇವು ಎಚ್ಚರಿಕೆಯ ಗುರುತು. ಕೂಡಲೇ ತಿಳಿಸಿ.

ಒಗ್ಗರಣೆಗೆ ಮೊದಲು ಕಿಟಕಿ ತೆರೆಯಿರಿ, ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನ್ ಹಾಕಿ. ಫ್ರಾನ್ಸಿನಲ್ಲಿ 2015ರಿಂದ ಪ್ರತಿ ಮನೆಯಲ್ಲೂ ಹೊಗೆ ಅಲಾರಂ ಕಡ್ಡಾಯ. ಮೆಣಸಿನಕಾಯಿ ಘಾಟಿಗೆ ಅದು ಕೂಗಿಕೊಂಡರೂ ಬ್ಯಾಟರಿ ಕೀಳಬೇಡಿ. ಹಳೆ ಮನೆಯ ವಿದ್ಯುತ್ ಸಂಪರ್ಕದ ಸಾಮರ್ಥ್ಯ ಕಡಿಮೆ ಇರುತ್ತದೆ. ಒಲೆ, ಓವನ್, ಬಟ್ಟೆ ಯಂತ್ರ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಒಂದನ್ನು ಆರಿಸಿ, ಪೆಟ್ಟಿಗೆಯ ಸ್ವಿಚ್ ಮೇಲೆತ್ತಿ.

ಕಸವನ್ನು ಮನೆ ಬಾಗಿಲಿಗೆ ಬಂದು ಒಯ್ಯುವುದಿಲ್ಲ. ರಸ್ತೆ ಬದಿಯ ಡಬ್ಬಿಗಳಿಗೆ ನೀವೇ ಹಾಕಬೇಕು. ಕೆಲವು ಕಡೆ ಡಬ್ಬಿ ತೆರೆಯಲು ಕಾರ್ಡ್ ಬೇಕು, ಮಾಲೀಕರಿಂದ ಇಸಿದುಕೊಳ್ಳಿ. ತರಕಾರಿಗೆ ಸಾರ್ಲಾದ ಬುಧವಾರ ಮತ್ತು ಶನಿವಾರದ ಸಂತೆ ಒಳ್ಳೆಯದು. ಬೇಗ ಹೋಗಿ, ಇಲ್ಲದಿದ್ದರೆ ಕಾರು ನಿಲ್ಲಿಸಲು ಜಾಗ ಸಿಗದು. ತುರ್ತಿಗೆ 112, ಆಂಬುಲೆನ್ಸ್‌ಗೆ 15. ಕರೆ ಮಾಡಿದಾಗ ಹೇಳಲು ಮನೆಯ ವಿಳಾಸ ಮತ್ತು ನಕ್ಷೆ ಗುರುತನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ.

ಹಂತ 12: ಹೊರಡುವ ದಿನ

ಬೆಳಿಗ್ಗೆ ಹತ್ತಕ್ಕೆ ಖಾಲಿ ಮಾಡಬೇಕು ಅಂದರೆ ಹತ್ತೇ. ಅವತ್ತೇ ಸಂಜೆ ಬೇರೆಯವರು ಬರುತ್ತಾರೆ. ಶುಚಿ ಮಾಡಲು ಹಣ ಕಟ್ಟಿದ್ದರೂ ಪಾತ್ರೆ ತೊಳೆದು, ಕಸ ಹಾಕಿ, ಫ್ರಿಜ್ ಖಾಲಿ ಮಾಡುವುದು ನಿಮ್ಮ ಕೆಲಸ. ಒಲೆಯ ಮೇಲಿನ ಅರಿಶಿನದ ಕಲೆಯನ್ನು ಹಿಂದಿನ ರಾತ್ರಿಯೇ ಒರೆಸಿ. ಒಣಗಿದರೆ ಬಿಡುವುದಿಲ್ಲ.

ಮಾಲೀಕರ ಜೊತೆ ಇನ್ನೊಂದು ಸುತ್ತು ಮನೆ ನೋಡಿ, ಪರಿಶೀಲನಾ ಪಟ್ಟಿಗೆ ಇಬ್ಬರೂ ಸಹಿ ಹಾಕಿ. ಅವರು ಬರದಿದ್ದರೆ ಮೊದಲ ದಿನದ ಹಾಗೆಯೇ ವಿಡಿಯೋ ಮಾಡಿ, ಮೀಟರಿನ ಅಂಕಿ ಹಿಡಿದು, ಕೀಲಿ ಎಲ್ಲಿಟ್ಟಿರಿ ಅನ್ನುವ ಫೋಟೋ ಕಳಿಸಿ. ನಗದು ಡೆಪಾಸಿಟ್ ಕೊಟ್ಟಿದ್ದರೆ ಅಲ್ಲೇ ಕೇಳಿ ಪಡೆಯಿರಿ.

ಏನಾದರೂ ಹಾನಿ ಆಗಿದ್ದರೆ ಮೊದಲೇ ಹೇಳಿಬಿಡಿ, ಲೋಟ ಒಡೆದದ್ದಕ್ಕೆ ಯಾರೂ ಜಗಳ ಆಡುವುದಿಲ್ಲ. ಡೆಪಾಸಿಟ್‌ನಿಂದ ಹಣ ಕಡಿದರೆ ರಿಪೇರಿಯ ಬಿಲ್ ಕೇಳಿ. ಕರಾರಿನಲ್ಲಿ ಹೇಳಿದ ದಿನದೊಳಗೆ ಹಣ ಬರದಿದ್ದರೆ ಎರಡೂ ದಿನದ ವಿಡಿಯೋ ಸೇರಿಸಿ ಮಾಲೀಕರಿಗೆ ಬರೆಯಿರಿ, ಬುಕಿಂಗ್ ತಾಣ ಅಥವಾ ಏಜೆನ್ಸಿಗೂ ಪ್ರತಿ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಫ್ರಾನ್ಸಿನಲ್ಲಿ ಇಂಥ ವ್ಯಾಜ್ಯಗಳಿಗೆ ಉಚಿತ ಸಂಧಾನಕಾರರು ಇದ್ದಾರೆ. ಯಾರನ್ನು ಸಂಪರ್ಕಿಸಬೇಕು ಅನ್ನುವುದನ್ನು ಆ ಊರಿನ ಪುರಭವನ ತಿಳಿಸುತ್ತದೆ. ಹಣ ಪೂರ್ತಿ ಕೈಸೇರುವವರೆಗೆ ಕರಾರು, ರಸೀದಿ, ಸಂದೇಶ, ವಿಡಿಯೋ ಯಾವುದನ್ನೂ ಅಳಿಸಬೇಡಿ.